ರವಿವಾರದ ವಾಚನ, ಸೋಮವಾರದ ನಾಕಾ

ಮುಂಬೈ, ಪುಣೆಯಲ್ಲಿರುವ ನಮ್ಮ ಕನ್ನಡದ ಕ್ರೈಸ್ತ ಮಂದಿ ರವಿವಾರ ಚರ್ಚಿನಲ್ಲಿ ಹೋಗುವುದು ಹೆಚ್ಚಾಗಿ ಇಂಗ್ಲಿಷ್ ಇಲ್ಲವೆ ಮರಾಠಿ ಪೂಜೆಗೆ. ಗೋವಾದಲ್ಲಾದರೆ ಕೊಂಕಣಿ ಪೂಜೆಗೆ. ಕನ್ನಡ ಪೂಜೆ ಎಲ್ಲರ ಮನೆ ಹತ್ತಿರ ಇರುವುದಿಲ್ಲ. ಬೈಬಲಿನಿಂದ ಓದುವ ಎರಡು ಭಾಗ, ಅಂದರೆ ವಾಚನ, ನಡುವೆ ಬೈಬಲಿನದೇ ಒಂದು ಕೀರ್ತನೆ, ಕೊನೆಗೆ ಯೇಸುವಿನ ಕಥೆ ಹೇಳುವ ಶುಭಸಂದೇಶ, ಎಲ್ಲ ಸೇರಿ ಹತ್ತು ನಿಮಿಷ. ಚರ್ಚಿನ ಮೆಟ್ಟಿಲು ಇಳಿಯುವಷ್ಟರಲ್ಲಿ ಮೊದಲನೆಯ ವಾಚನ ಯಾವುದಿತ್ತು ಎಂಬುದೇ ಮರೆತಿರುತ್ತದೆ. ಭಕ್ತಿ ಕಡಿಮೆಯಾಯಿತೇನೋ ಎಂದು ಇದಕ್ಕೆ ಕೊರಗಬೇಕಾಗಿಲ್ಲ. ಹಿಂದುಮುಂದು ಗೊತ್ತಿಲ್ಲದೆ, ಒಂದೇ ಸಲ, ಮನೆಮಾತಲ್ಲದ ಮಾತಿನಲ್ಲಿ ಕೇಳಿದ್ದು ಯಾರ ತಲೆಯಲ್ಲೂ ನಿಲ್ಲುವುದಿಲ್ಲ. ನಿಲ್ಲಬೇಕಾದರೆ ಅದನ್ನು ಪೂಜೆಗೆ ಮೊದಲೇ ಕನ್ನಡದಲ್ಲಿ ಓದಿರಬೇಕು, ಆ ವಾರ ಮುಗಿಯುವುದರೊಳಗೆ ಅದು ಒಂದು ಕೆಲಸವಾಗಿ ಕೈಗೆ ಬರಬೇಕು. ಎರಡನೆಯದು ಇಲ್ಲದಿದ್ದರೆ ಮೊದಲನೆಯದು ಬರೀ ಪರೀಕ್ಷೆಯ ಓದಾಗುತ್ತದೆ.

ಯಾವ ವಾರಕ್ಕೆ ಯಾವ ವಾಚನ ಎಂಬ ಲೆಕ್ಕ ಕಷ್ಟದ್ದಲ್ಲ. ಕಥೋಲಿಕರ ಎರಡನೆಯ ವ್ಯಾಟಿಕನ್ ಮಹಾಸಭೆಯ ಬಳಿಕ 1969ರಲ್ಲಿ ಹೊರಬಂದ ವಾಚನಕ್ರಮದಲ್ಲಿ ರವಿವಾರಗಳಿಗೆ ಮೂರು ವರ್ಷದ ಸುತ್ತು ಇದೆ. ಎ ವರ್ಷಕ್ಕೆ ಮತ್ತಾಯರ ಶುಭಸಂದೇಶ, ಬಿ ವರ್ಷಕ್ಕೆ ಮಾರ್ಕರದು, ಸಿ ವರ್ಷಕ್ಕೆ ಲೂಕರದು. ಯೊವಾನ್ನರಿಗೆ ಸ್ವಂತ ವರ್ಷವಿಲ್ಲ. ಆದರೆ ಈಸ್ಟರಿಗೆ ಮುಂಚಿನ ತಪಸ್ಸುಕಾಲ, ಈಸ್ಟರಿನಿಂದ ಶುರುವಾಗುವ ಪಾಸ್ಖಕಾಲಗಳಲ್ಲಿ ಅವರ ಶುಭಸಂದೇಶ ಆಗಾಗ ಬರುತ್ತದೆ. ಮಾರ್ಕರ ಗ್ರಂಥ ಚಿಕ್ಕದಾದ್ದರಿಂದ ಬಿ ವರ್ಷದಲ್ಲಿ ಸಾಧಾರಣ ಕಾಲದ, ಅಂದರೆ ಈ ವಿಶೇಷ ಕಾಲಗಳ ಹೊರಗಿನ ವಾರಗಳ, 17ರಿಂದ 21ನೆಯ ರವಿವಾರದವರೆಗೆ ಐದು ವಾರ ಯೊವಾನ್ನರ 6ನೆಯ ಅಧ್ಯಾಯವೇ ನಡೆಯುತ್ತದೆ. ಇಸವಿಯನ್ನು 3ರಿಂದ ಭಾಗಿಸಿ ನೋಡಿ: ಶೇಷ 1 ಬಂದರೆ ಎ, 2 ಬಂದರೆ ಬಿ, ಏನೂ ಉಳಿಯದಿದ್ದರೆ ಸಿ. 2026ಕ್ಕೆ 1 ಉಳಿಯುತ್ತದೆ, ಅಂದರೆ ಮತ್ತಾಯ. ಜನ ಎಡವುವುದು ವರ್ಷದ ಕೊನೆಯಲ್ಲಿ. ಪೂಜಾವರ್ಷ ಜನವರಿಯಲ್ಲಿ ತಿರುಗುವುದಿಲ್ಲ, ಕ್ರಿಸ್‌ಮಸ್ಸಿಗೆ ಮುಂಚಿನ ಆಗಮನಕಾಲದ ಮೊದಲ ರವಿವಾರ ತಿರುಗುತ್ತದೆ. 2026ರಲ್ಲಿ ಅದು ನವೆಂಬರ್ 29. ಅಂದಿನಿಂದಲೇ 2027ರ ಲೆಕ್ಕ, ಅಂದರೆ ಮಾರ್ಕ. ಡಿಸೆಂಬರಿನಲ್ಲಿ ಹಳೆಯ ಇಸವಿ ಭಾಗಿಸಿ ಮತ್ತಾಯ ತೆರೆದು ಕೂತರೆ ನಾಲ್ಕು ವಾರ ತಪ್ಪು ಓದಾಗುತ್ತದೆ.

ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಹಲವು 1992ರ ಪರಿಷ್ಕೃತ ಸಾಮಾನ್ಯ ವಾಚನಪಟ್ಟಿಯನ್ನು ಬಳಸುತ್ತವೆ. ಅದರಲ್ಲೂ ಇದೇ ಎ, ಬಿ, ಸಿ ಸುತ್ತು. ಶುಭಸಂದೇಶ ಬಹುಪಾಲು ಒಂದೇ, ಹಳೆಯ ಒಡಂಬಡಿಕೆಯ ಭಾಗ ಮಾತ್ರ ಆಗಾಗ ಬೇರೆ. ಕೆಲವು ಸಭೆಗಳಿಗೆ ತಮ್ಮದೇ ಪಟ್ಟಿ ಇರುತ್ತದೆ, ಅಲ್ಲಿ ಪಾಸ್ಟರರನ್ನು ಕೇಳಿ ತಿಂಗಳ ಪಟ್ಟಿ ಬರೆದುಕೊಳ್ಳುವುದೇ ಸರಿ. ಒಂದೇ ಚಾಳಿನಲ್ಲಿ ಕಥೋಲಿಕರ ಮನೆ, ಸಿಎನ್‌ಐ (ಉತ್ತರ ಭಾರತ ಸಭೆ) ಮನೆ, ಮೆಥಡಿಸ್ಟ್ ಮನೆ ಅಕ್ಕಪಕ್ಕ ಇದ್ದರೆ ಶುಭಸಂದೇಶದ ಮಟ್ಟಿಗಾದರೂ ಒಟ್ಟಿಗೆ ಕೂತು ಓದಬಹುದು. ಇಷ್ಟು ಸುಲಭವಾಗಿ ಆಗುವ ಒಗ್ಗಟ್ಟನ್ನು ನಾವು ಬಳಸಿಕೊಳ್ಳುತ್ತಿಲ್ಲ ಎಂಬುದು ನನಗೆ ನೋವಿನ ಸಂಗತಿ.

ಮನೆಯಲ್ಲಿರುವ ಬೈಬಲ್ ಯಾವುದು ಎಂದೂ ಒಮ್ಮೆ ನೋಡಿಕೊಳ್ಳಿ. ಸತ್ಯವೇದ ಎಂದು ಮುದ್ರಿತವಾದ ಪ್ರತಿಯಲ್ಲಿ ಸಾಮಾನ್ಯವಾಗಿ 66 ಗ್ರಂಥಗಳಿರುತ್ತವೆ, ಕಥೋಲಿಕರ ಶ್ರೀಗ್ರಂಥದಲ್ಲಿ 73. ಎ ವರ್ಷದ 24ನೆಯ ರವಿವಾರ ಮೊದಲನೆಯ ವಾಚನ ಸಿರಾಖನ ಗ್ರಂಥದ 27:30ರಿಂದ 28:7. ಅದು 66ರ ಪ್ರತಿಯಲ್ಲಿ ಎಷ್ಟು ಹುಡುಕಿದರೂ ಸಿಗದು. ಕೀರ್ತನೆಗಳ ಸಂಖ್ಯೆಯಲ್ಲೂ ಒಂದು ತೊಡಕಿದೆ. ಹೀಬ್ರೂ ಲೆಕ್ಕದ 23ನೆಯ ಕೀರ್ತನೆ ಹಳೆಯ ಗ್ರೀಕ್, ಲ್ಯಾಟಿನ್ ಲೆಕ್ಕದಲ್ಲಿ 22. ಪಟ್ಟಿಯಲ್ಲಿ ಕಂಡ ಕೀರ್ತನೆಯ ಮೊದಲ ಸಾಲು ನಿಮ್ಮ ಪುಸ್ತಕದ ಸಾಲಿಗೆ ಹೊಂದದಿದ್ದರೆ ಒಂದು ಸಂಖ್ಯೆ ಹಿಂದೆ, ಒಂದು ಮುಂದೆ ನೋಡಿ.

ಕನ್ನಡದಲ್ಲೇ ಓದಬೇಕು ಎಂದು ಒತ್ತಿ ಹೇಳುವುದು ಭಾಷಾಭಿಮಾನದಿಂದ ಮಾತ್ರ ಅಲ್ಲ. ಹಳೆಯ ಸತ್ಯವೇದದಲ್ಲಿ ಆ 23ನೆಯ ಕೀರ್ತನೆ ಯೆಹೋವನು ನನಗೆ ಕುರುಬನು, ಕೊರತೆಪಡೆನು ಎಂದು ಶುರುವಾಗುತ್ತದೆ. ಇಂಗ್ಲಿಷಿನಲ್ಲಿ ಕುರುಬ ಎಂದರೆ ಚಿತ್ರಪಟದಲ್ಲಿನ ಬಿಳಿ ನಿಲುವಂಗಿಯ ಮನುಷ್ಯ. ಕನ್ನಡದಲ್ಲಿ ಓದಿದವರ ಕಣ್ಣೆದುರು ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು ಹಿಡಿದು, ಬೇಸಿಗೆಯಲ್ಲಿ ಊರೂರು ದಾಟಿ, ರಾತ್ರಿ ಯಾರದೋ ಹೊಲದಲ್ಲಿ ಕುರಿಗಳ ನಡುವೆಯೇ ಮಲಗುವ ಮನುಷ್ಯ ಬರುತ್ತಾನೆ. ಕುರಿ ಎಲ್ಲಿ ಮಲಗಿದೆಯೋ ಅಲ್ಲೇ ಅವನೂ ಮಲಗುತ್ತಾನೆ. ಕೀರ್ತನೆ ಹೇಳುವುದು ಅದನ್ನೇ.

ಪುಣೆಗೆ ಹತ್ತಿರದ ಕೇಡಗಾಂವ್‌ನಲ್ಲಿ ಮುಕ್ತಿ ಮಿಷನ್ ಕಟ್ಟಿದ ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ಇಂದಿನ ಕರ್ನಾಟಕದ ಘಟ್ಟದ ಗಂಗಾಮೂಲದಲ್ಲಿ. ಅವರು ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲನ್ನು ಮರಾಠಿಗೆ ತಂದರು, ಅದೂ ಸಾಮಾನ್ಯ ಹೆಣ್ಣುಮಕ್ಕಳಿಗೆ ತಿಳಿಯುವ ಸರಳ ಮರಾಠಿಗೆ. 1922ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಆ ಕೆಲಸ ಮುಗಿದಿತ್ತು. ಕಷ್ಟದ ಪಂಡಿತಭಾಷೆಯಲ್ಲಿ ಓದಿದ ದೇವರ ಮಾತು ಒಲೆಯ ಮುಂದೆ ಕೆಲಸಕ್ಕೆ ಬಾರದು ಎಂದು ಸಂಸ್ಕೃತದ ಪಂಡಿತೆಯಾಗಿದ್ದ ಅವರಿಗೆ ಚೆನ್ನಾಗಿ ಗೊತ್ತಿದ್ದಿರಬೇಕು.

ಇನ್ನು ವಾಚನಗಳ ಒಳಗಿನ ಜೋಡಣೆ. ಇದು ತಿಳಿಯದೆ ಬಹಳ ಮಂದಿ ಸುಮ್ಮನೆ ಒದ್ದಾಡುತ್ತಾರೆ. ಸಾಧಾರಣ ಕಾಲದಲ್ಲಿ ಮೊದಲನೆಯ ವಾಚನವನ್ನು ಶುಭಸಂದೇಶಕ್ಕೆ ಜೋಡಿಯಾಗಿ ಆರಿಸಲಾಗಿದೆ, ಕೀರ್ತನೆ ಮೊದಲನೆಯ ವಾಚನಕ್ಕೆ ಮಾರುತ್ತರ. ಎರಡನೆಯ ವಾಚನ ಮಾತ್ರ ತನ್ನ ಪಾಡಿಗೆ ತಾನು ಒಂದೊಂದು ಪತ್ರವನ್ನು ವಾರದಿಂದ ವಾರಕ್ಕೆ ಮುಂದುವರಿಸುತ್ತ ಹೋಗುತ್ತದೆ. 2026ರ ಸೆಪ್ಟೆಂಬರ್ 20, ಅಂದರೆ 25ನೆಯ ರವಿವಾರ ತೆಗೆದುಕೊಳ್ಳಿ. ಮೊದಲು ಯೆಶಾಯ 55:6-9, ದೇವರ ಆಲೋಚನೆಗಳು ನಮ್ಮ ಆಲೋಚನೆಗಳಲ್ಲ ಎಂಬ ಭಾಗ. ಶುಭಸಂದೇಶ ಮತ್ತಾಯ 20:1-16, ದ್ರಾಕ್ಷಿತೋಟದ ಕೂಲಿಗಳ ಸಾಮತಿ, ಅಂದರೆ ಯೇಸು ಹೇಳಿದ ದೃಷ್ಟಾಂತದ ಕಥೆ. ಇವೆರಡಕ್ಕೂ ನಂಟು ಇದೆ. ನಡುವೆ ಬರುವ ಫಿಲಿಪ್ಪಿಯರ ಪತ್ರದ ಮೊದಲ ಅಧ್ಯಾಯದ ಭಾಗದಲ್ಲಿ ಪೌಲರು ಸೆರೆಯಲ್ಲಿದ್ದುಕೊಂಡು ಬದುಕುವುದೋ ಸಾಯುವುದೋ ಎಂದು ತೂಗುತ್ತಿದ್ದಾರೆ. ಅದನ್ನೂ ದ್ರಾಕ್ಷಿತೋಟಕ್ಕೆ ಕಟ್ಟಲು ಹೋದರೆ ಹಗ್ಗ ಹರಿಯುತ್ತದೆ. ಎರಡನೆಯ ವಾಚನವನ್ನು ಬೇರೆಯಾಗಿಯೇ, ಹಿಂದಿನ ವಾರದ ತುಂಡಿನ ಜೊತೆ ಸೇರಿಸಿ ಓದಿ. ಆಗಮನಕಾಲ, ತಪಸ್ಸುಕಾಲಗಳಲ್ಲಿ ಮೂರೂ ವಾಚನ ಹೆಚ್ಚು ಹತ್ತಿರವಿರುತ್ತವೆ. ಪಾಸ್ಖಕಾಲದಲ್ಲಿ ಮೊದಲನೆಯ ವಾಚನ ಹಳೆಯ ಒಡಂಬಡಿಕೆಯಿಂದಲ್ಲ, ಹೊಸ ಒಡಂಬಡಿಕೆಯ ಪ್ರೇಷಿತರ ಕಾರ್ಯಕಲಾಪಗಳು ಎಂಬ ಗ್ರಂಥದಿಂದ ಬರುತ್ತದೆ.

ವಾರವನ್ನು ಹೀಗೆ ಹಂಚಿಕೊಂಡರೆ ದಿನಕ್ಕೆ ಹತ್ತು ನಿಮಿಷ ಸಾಕು. ಸೋಮವಾರ ಮುಂದಿನ ರವಿವಾರದ ಶುಭಸಂದೇಶವನ್ನು ಒಮ್ಮೆ ಬಾಯಿಬಿಟ್ಟು ಓದಿ. ಬಾಯಿಬಿಟ್ಟು ಎಂಬುದು ಮುಖ್ಯ. ಕಣ್ಣು ಗೊತ್ತಿರುವ ಸಾಲನ್ನು ಹಾರಿಸುತ್ತದೆ, ಬಾಯಿ ಹಾರಿಸುವುದಿಲ್ಲ. ಗೋವಾದ ರಾಚೋಲಿನಲ್ಲಿ 1616ರಲ್ಲಿ ಅಚ್ಚಾದ ಥಾಮಸ್ ಸ್ಟೀಫನ್ಸರ ಕ್ರಿಸ್ತಪುರಾಣವನ್ನು ಓವಿಗಳಲ್ಲಿ ಕಟ್ಟಿದ್ದು ಹಾಡಿ ಕೇಳಿಸಲಿಕ್ಕೆ. ಪುರಾಣ ಕೇಳಿ ಬೆಳೆದ ಜನರಿಗೆ ಬೈಬಲಿನ ಕಥೆ ಕಿವಿಯ ಮೂಲಕವೇ ಇಳಿಯಬೇಕು ಎಂದು ಆ ಪರದೇಶದ ಪಾದ್ರಿಗೂ ಹೊಳೆದಿತ್ತು. ಊರಿನ ಗುಡಿಯಲ್ಲಿ ಶ್ರಾವಣದ ಪುರಾಣ ಕೇಳಿ ಬಂದ ನಮ್ಮ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮಂಗಳವಾರ ಅದೇ ಭಾಗದ ಹಿಂದಿನ ಹತ್ತು ಹನ್ನೆರಡು ವಾಕ್ಯ, ಮುಂದಿನ ಐದಾರು ವಾಕ್ಯ. ಬುಧವಾರ ಮೊದಲನೆಯ ವಾಚನ ಮತ್ತು ಕೀರ್ತನೆ. ಗುರುವಾರ ಎರಡನೆಯದು. ಲೋಕಲ್ಲಿನಲ್ಲಿ ನಿಂತೇ ಹೋಗುವವರು ಪುಸ್ತಕ ಬಿಡಿಸಲಾರರು, ಅವರು ಕೀರ್ತನೆಯ ಪಲ್ಲವಿಯನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡರೆ ಡೊಂಬಿವಲಿಯಿಂದ ದಾದರಿಗೆ ಬರುವಷ್ಟರಲ್ಲಿ ಬಾಯಿಪಾಠವಾಗಿರುತ್ತದೆ. ಫೋನಿನಲ್ಲಿ ಓದುವುದಾದರೆ ವಿಮಾನದ ಗುರುತು ಒತ್ತಿ ನೆಟ್ ಬಂದ್ ಮಾಡಿ. ಇಲ್ಲದಿದ್ದರೆ ಯೆಶಾಯರ ಮೂರನೆಯ ವಾಕ್ಯಕ್ಕೆ ಬರುವ ಮೊದಲೇ ಆಫೀಸಿನ ಗುಂಪಿನಿಂದ ಸಂದೇಶ ಬಂದಿರುತ್ತದೆ. ಶುಕ್ರವಾರ ಓದಬೇಡಿ. ಅಂದು ವಾರದ ಕೆಲಸ ಯಾವುದೆಂದು ನಿರ್ಧರಿಸುವ ದಿನ. ಶನಿವಾರ ರಾತ್ರಿ ಮನೆಯವರೆಲ್ಲ ಕೂತು ಶುಭಸಂದೇಶವನ್ನು ಇನ್ನೊಮ್ಮೆ ಕೇಳಿ. ಮರುದಿನ ಚರ್ಚಿನಲ್ಲಿ ಅದೇ ಮಾತು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಬಂದಾಗ ಗುರುತಿನವರು ಎದುರಾದಂತೆ ಇರುತ್ತದೆ.

ಹನ್ನೆರಡನೆಯ ಶತಮಾನದಲ್ಲಿ ಎರಡನೆಯ ಗಿಗೊ ಎಂಬ ಮಠಾಧಿಪತಿ ಓದು, ಮನನ, ಪ್ರಾರ್ಥನೆ, ಧ್ಯಾನ ಎಂದು ನಾಲ್ಕು ಮೆಟ್ಟಿಲಿನ ಏಣಿ ಹೇಳಿದರು. 2010ರಲ್ಲಿ ಪೋಪ್ ಹದಿನಾರನೆಯ ಬೆನೆಡಿಕ್ಟರು ತಮ್ಮ ವೆರ್ಬುಮ್ ದೋಮಿನಿ ಪತ್ರದಲ್ಲಿ ಈ ಓದು ಕ್ರಿಯೆಗೆ ಬಾರದೆ ಪೂರ್ಣವಾಗದು ಎಂದು ನೆನಪಿಸಿದರು. ನಮ್ಮ ಶುಕ್ರವಾರ ಆ ಐದನೆಯ ಮೆಟ್ಟಿಲು. ಬಹಳ ಜನ ಜಾರುವುದೂ ಅಲ್ಲಿಯೇ, ಆದ್ದರಿಂದ ಅದೇ ಮತ್ತಾಯ 20ನ್ನು ಹಿಡಿದು ಸ್ವಲ್ಪ ನಿಧಾನವಾಗಿ ನೋಡೋಣ.

ಮುಂಬೈ, ಪುಣೆಯ ಯಾವುದೇ ದೊಡ್ಡ ನಾಕಾಕ್ಕೆ, ಅಂದರೆ ಕೂಲಿಯವರು ಕೆಲಸಕ್ಕಾಗಿ ಕಾಯುವ ಚೌಕಕ್ಕೆ, ಬೆಳಗ್ಗೆ ಏಳೂವರೆ ಎಂಟಕ್ಕೆ ಹೋಗಿ ನಿಂತರೆ ಈ ಸಾಮತಿ ಕಣ್ಣೆದುರೇ ನಡೆಯುತ್ತಿರುತ್ತದೆ. ಗವಂಡಿ, ಬಿಗಾರಿ, ಬಣ್ಣ ಬಳಿಯುವವರು ಕಟ್ಟೆಯ ಮೇಲೆ ಕೂತಿರುತ್ತಾರೆ. ಪಕ್ಕದಲ್ಲಿ ಊಟದ ಡಬ್ಬಿ, ಚೀಲದಿಂದ ಹೊರಗೆ ಇಣುಕುವ ಬ್ರಶ್ಶಿನ ಹಿಡಿ. ಸ್ವಲ್ಪ ಹೊತ್ತು ಕಿವಿಗೊಟ್ಟರೆ ಕಲಬುರಗಿ, ಯಾದಗಿರಿ, ವಿಜಯಪುರದ ಕನ್ನಡ ಕೇಳಿಸುತ್ತದೆ. ಕೂಲಿಯವರನ್ನು ಕರೆದೊಯ್ಯುವ ಮುಕಾದಮ ಬರುತ್ತಾನೆ, ಗಟ್ಟಿಮುಟ್ಟಾದವರನ್ನು ಮೊದಲು ಕರೆಯುತ್ತಾನೆ. ಹತ್ತು ಗಂಟೆ ದಾಟಿದ ಮೇಲೂ ಉಳಿದವರು ಮುದುಕರು, ಒಂದು ಕೈ ಸೋತವರು, ಕೂಸನ್ನು ಕಟ್ಟಿಕೊಂಡು ಬಂದ ಹೆಣ್ಣುಮಗಳು.

ಸಾಮತಿಯಲ್ಲಿ ಯಜಮಾನ ಐದು ಸಲ ಹೋಗುತ್ತಾನೆ: ನಸುಕಿನಲ್ಲಿ, ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ, ಕೊನೆಗೆ ಐದಕ್ಕೆ. ಗ್ರಂಥದಲ್ಲಿ ಮೂರನೆಯ, ಆರನೆಯ, ಒಂಬತ್ತನೆಯ, ಹನ್ನೊಂದನೆಯ ಗಳಿಗೆ ಎಂದು ಕಂಡರೆ ಸೂರ್ಯೋದಯದಿಂದ ಎಣಿಸಬೇಕು. ಐದಕ್ಕೆ ಸಿಕ್ಕವರನ್ನು ಯಾಕೆ ಸುಮ್ಮನೆ ನಿಂತಿದ್ದೀರಿ ಎಂದು ಅವನು ಕೇಳುತ್ತಾನೆ. ಯಾರೂ ನಮ್ಮನ್ನು ಕೂಲಿಗೆ ಕರೆಯಲಿಲ್ಲ ಎನ್ನುತ್ತಾರೆ. ಅವರು ಸೋಮಾರಿಗಳಲ್ಲ, ದಿನವಿಡೀ ನಿಂತವರು. ಈ ಒಂದು ಮಾತನ್ನು ಬಿಟ್ಟು ಓದಿದರೆ ಇಡೀ ಸಾಮತಿ ತಿರುಗುಮುರುಗು ಆಗುತ್ತದೆ. ಸಂಜೆ ಯಜಮಾನ ಎಲ್ಲರಿಗೂ ಒಂದೊಂದೇ ದೆನಾರಿ ನಾಣ್ಯ ಕೊಡುತ್ತಾನೆ, ಮೊದಲು ಬಂದವರು ಗೊಣಗುತ್ತಾರೆ. ಒಂದು ದೆನಾರಿ ಎಂದರೆ ಅಂದಿನ ಒಂದು ದಿನದ ಕೂಲಿ, ಒಂದು ಮನೆಯ ಅಂದಿನ ರೊಟ್ಟಿ. ಐದಕ್ಕೆ ಬಂದವರಿಗೆ ಗಂಟೆಯ ಲೆಕ್ಕದಲ್ಲಿ ಅದರ ಹನ್ನೆರಡನೆಯ ಒಂದು ಪಾಲು ಕೊಟ್ಟಿದ್ದರೆ ನ್ಯಾಯ ಆಗಿರುತ್ತಿತ್ತು, ಮನೆಯ ಒಲೆ ಮಾತ್ರ ಉರಿಯುತ್ತಿರಲಿಲ್ಲ.

ಮಂಗಳವಾರದ ಓದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ರವಿವಾರದ ವಾಚನ 20:1ರಿಂದ ಶುರು. ಅದಕ್ಕೆ ಮುಂಚೆ 19:27ರಲ್ಲಿ ಪೇತ್ರರು, ನಾವು ಎಲ್ಲ ಬಿಟ್ಟು ಬಂದೆವು, ನಮಗೇನು ಸಿಗುತ್ತದೆ ಎಂದು ಕೇಳಿರುತ್ತಾರೆ. ಹಿಂದಿನ ರವಿವಾರ 18ನೆಯ ಅಧ್ಯಾಯ, ಈ ರವಿವಾರ 20, ನಡುವಿನ 19 ಬಿಟ್ಟುಹೋಗಿರುವುದರಿಂದ ಚರ್ಚಿನಲ್ಲಿ ಆ ಪ್ರಶ್ನೆ ಕಿವಿಗೆ ಬೀಳುವುದೇ ಇಲ್ಲ. ಸಾಮತಿ ಆ ಪ್ರಶ್ನೆಗೆ ಉತ್ತರ. ಮೊದಲು ಬಂದವರ ಗೊಣಗಾಟ ಯಾರದ್ದೆಂದು ಆಗ ತಿಳಿಯುತ್ತದೆ. ವರ್ಷಗಟ್ಟಲೆ ಕ್ವಾಯರಿನಲ್ಲಿ ಹಾಡಿದವರು, ಚರ್ಚಿನ ಹಬ್ಬಕ್ಕೆ ಓಡಾಡಿದವರು, ನಿನ್ನೆ ಬಂದವನಿಗೆ ಮೊನ್ನೆಯಿಂದ ಇರುವವರಷ್ಟೇ ಜಾಗವೇ ಎಂದು ಕೇಳುವವರು, ಎಂದರೆ ನಾವು.

ಹಾಗಿದ್ದರೆ ವಾರದ ಕೆಲಸ ಏನು? ಬಡವರಿಗೆ ಸಹಾಯ ಮಾಡುತ್ತೇನೆ ಎಂದು ಬರೆದರೆ ಅದು ಶನಿವಾರಕ್ಕೂ ಬರುವುದಿಲ್ಲ. ಅದರಲ್ಲಿ ಯಾರು, ಯಾವತ್ತು, ಎಷ್ಟು ಹೊತ್ತಿಗೆ ಎಂಬುದಿಲ್ಲ. ಮೂರೂ ಇರುವಂತೆ ಬರೆಯಿರಿ. ಗುರುವಾರ ಮನೆಗೆ ಗಿಲಾವು ಮಾಡಲು ಬರುವ ಇಬ್ಬರ ಕೂಲಿಯನ್ನು ಬೆಳಗ್ಗೆಯೇ ಮಾತಾಡುವುದು, ಸಂಜೆ ಅವರು ಕೈಕಾಲು ತೊಳೆದು ಹೊರಡುವ ಮುಂಚೆ ಕೈಗೆ ಕೊಡುವುದು, ಮುಕಾದಮನ ಮೂಲಕ ಕಳಿಸುವುದಾದರೆ ಎಷ್ಟು ಮುಟ್ಟಿತು ಎಂದು ಅವರನ್ನೇ ಕೇಳುವುದು. ಸಿಮೆಂಟು ಬರದೆ ಮಧ್ಯಾಹ್ನ ಎರಡಕ್ಕೆ ಕೆಲಸ ನಿಂತರೆ ಅರ್ಧ ದಿನದ ಕೂಲಿ ಕೊಟ್ಟು ಕಳಿಸುವುದು ವಾಡಿಕೆ. ಆದರೆ ಸಿಮೆಂಟು ತರಿಸಬೇಕಾದವರು ನಾವು, ಅವರು ಆ ದಿನ ಬೇರೆ ಕಡೆ ಹೋಗದೆ ನಮ್ಮಲ್ಲಿಗೆ ಬಂದವರು. ಮನೆಗೆಲಸದ ಬಾಯಿಯ ಪಗಾರದಲ್ಲಿ ಖಾಡಾ, ಅಂದರೆ ಬಾರದ ದಿನದ ಹಣ, ಕತ್ತರಿಸುವ ಮನೆಗಳು ಈ ವಾರ ಒಮ್ಮೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ ದಿನಗಳನ್ನು ನೋಡಿಕೊಳ್ಳಲಿ. ಮಗುವಿಗೆ ಜ್ವರ ಬಂದ ಎರಡು ದಿನಕ್ಕೂ ಕತ್ತರಿಸಿದ್ದೇವೆಯೇ? ಹಾಗಾದರೆ ಅದನ್ನು ಮರಳಿ ಕೊಡುವುದೇ ಈ ವಾರದ ಕೆಲಸ.

ಇಲ್ಲೊಂದು ಎಚ್ಚರ ಬೇಕು. ಈ ಸಾಮತಿ ಕೂಲಿಯ ಕಾನೂನು ಹೇಳಲು ಹೊರಟದ್ದಲ್ಲ, ದೇವರ ಧಾರಾಳತನ ಹೇಳಲು ಹೊರಟದ್ದು. ಕೂಲಿಯ ಕಾನೂನು ಬೇರೆ ಕಡೆ ಇದೆ. ಕೂಲಿಯವನ ಹಣ ರಾತ್ರಿ ನಿಮ್ಮಲ್ಲಿ ಉಳಿಯಬಾರದು ಎಂದು ಯಾಜಕಕಾಂಡ 19:13, ಹೊತ್ತು ಮುಳುಗುವ ಮೊದಲು ಕೊಡಬೇಕು ಎಂದು ಧರ್ಮೋಪದೇಶಕಾಂಡ 24:15, ತಡೆಹಿಡಿದ ಕೂಲಿ ಕೂಗುತ್ತದೆ ಎಂದು ಯಕೋಬರ ಪತ್ರ 5:4. ಬೈಬಲಿನ ಬದಿಯಲ್ಲಿ ಕೊಡುವ ಅಡ್ಡ ಉಲ್ಲೇಖಗಳನ್ನು ನೋಡುವ ರೂಢಿ ಇದ್ದರೆ ಇಂಥವು ಸಿಗುತ್ತವೆ. ಕೂಲಿಯನ್ನು ಹೊತ್ತಿಗೆ ಕೊಡುವುದು ಕಟ್ಟಳೆ, ಅದಕ್ಕಿಂತ ಹೆಚ್ಚು ಕೊಡುವುದು ಯಜಮಾನನಂತೆ ನಡೆಯುವುದು. ಕಟ್ಟಳೆಯನ್ನು ಮುರಿದವರು ಧಾರಾಳತನದ ಮಾತಾಡಲಾಗದು.

ಹಿಂದಿನ ರವಿವಾರ, ಸೆಪ್ಟೆಂಬರ್ 13ರ ಮತ್ತಾಯ 18:21-35ರಲ್ಲಿ ಇನ್ನೊಂದು ಲೆಕ್ಕ ಇದೆ. ಅರಸನಿಗೆ ಕೊಡಬೇಕಾದ ಹತ್ತು ಸಾವಿರ ತಲಾಂತು ಸಾಲ ಮನ್ನಾ ಆದ ಆಳು, ತನಗೆ ನೂರು ದೆನಾರಿ ಕೊಡಬೇಕಾದ ಜೊತೆಯವನ ಕುತ್ತಿಗೆ ಹಿಡಿಯುತ್ತಾನೆ. ಒಂದು ತಲಾಂತಿಗೆ ಸುಮಾರು 6,000 ದೆನಾರಿ. ಹಾಗಾದರೆ ಮೊದಲನೆಯ ಸಾಲ 6 ಕೋಟಿ ದಿನಗಳ ಕೂಲಿ, ಎರಡನೆಯದಕ್ಕಿಂತ 6 ಲಕ್ಷ ಪಟ್ಟು. ಇಷ್ಟು ಎಲ್ಲರೂ ಹೇಳುತ್ತಾರೆ. ಹೇಳದೆ ಬಿಡುವುದು ಎರಡನೆಯ ಸಾಲದ ಮಾತು. ನೂರು ದಿನದ ಕೂಲಿ ಸಣ್ಣದಲ್ಲ, ಮೂರು ನಾಲ್ಕು ತಿಂಗಳ ದುಡಿಮೆ. ಕ್ಷಮಿಸುವವನಿಗೆ ನಿಜವಾಗಿ ನಷ್ಟವಾಗುತ್ತದೆ ಎಂದು ಸಾಮತಿಯೇ ಒಪ್ಪಿಕೊಂಡಿದೆ. ನಿನ್ನ ನೋವು ದೊಡ್ಡದೇನಲ್ಲ ಬಿಡು ಎಂದು ಯಾರಿಗಾದರೂ ಹೇಳುವ ಮೊದಲು ಈ ನೂರನ್ನು ನೆನೆಯಿರಿ.

ಈ ವಾಚನವನ್ನು ತಪ್ಪಾಗಿ ಬಳಸುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಗಂಡನ ಕೈಯಲ್ಲಿ ಹೊಡೆತ ತಿಂದು ತವರಿಗೆ ಬಂದ ಹೆಣ್ಣುಮಗಳಿಗೆ ಎಪ್ಪತ್ತೇಳು ಸಲ ಕ್ಷಮಿಸಬೇಕಮ್ಮ, ಬೈಬಲಿನಲ್ಲೇ ಇದೆ ಎಂದು ತಿರುಗಿ ಕಳಿಸುವವರಿದ್ದಾರೆ. ಅದೇ ಅಧ್ಯಾಯದ 15ರಿಂದ 17ನೆಯ ವಾಕ್ಯ ಅವರ ಕಣ್ಣಿಗೆ ಬೀಳುವುದಿಲ್ಲ. ತಪ್ಪು ಮಾಡಿದವನಿಗೆ ಅವನ ತಪ್ಪನ್ನು ಎದುರಿಗೆ ಹೇಳು, ಕೇಳದಿದ್ದರೆ ಒಂದಿಬ್ಬರನ್ನು ಕರೆದುಕೊಂಡು ಹೋಗು, ಅದಕ್ಕೂ ಬಗ್ಗದಿದ್ದರೆ ಸಭೆಯ ಮುಂದಿಡು ಎಂದು ಅಲ್ಲಿದೆ. ಒಂದು ವಾರ ಮೊದಲು, 23ನೆಯ ರವಿವಾರ ಓದುವುದು ಆ ಭಾಗವನ್ನೇ. ಎರಡು ವಾರದ ವಾಚನಗಳನ್ನು ಹೊಂದಿಸಿ ಓದಿದವರು ಆ ಹೆಣ್ಣುಮಗಳಿಗೆ ಬಾಗಿಲು ತೆರೆದು ಕೂರಿಸುತ್ತಾರೆ, ಡಾಕ್ಟರ ಬಳಿ ಕರೆದೊಯ್ಯುತ್ತಾರೆ, ಅವಳು ಬೇಕೆಂದರೆ ಪೊಲೀಸ್ ಠಾಣೆಗೂ ಜೊತೆಗೆ ಹೋಗುತ್ತಾರೆ. ಕ್ಷಮೆ ಅವಳು ತನ್ನ ಹೊತ್ತಿಗೆ ಕೊಡುವಂಥದ್ದು, ನಾವು ಅವಳ ಪರವಾಗಿ ಕೊಟ್ಟುಬಿಡುವಂಥದ್ದಲ್ಲ.

ಒಂದು ವಾಕ್ಯ ಕಿತ್ತು ಗೋಡೆಗೆ ಹಚ್ಚುವುದು ಇದರ ಸಣ್ಣ ರೂಪ. ನಿಮಗಾಗಿ ನನ್ನಲ್ಲಿರುವ ಯೋಜನೆಗಳು ಹಿತದವು ಎಂಬ ಯೆರೆಮೀಯ 29:11 ಪ್ರತಿ ಹೊಸ ವರ್ಷ, ಪ್ರತಿ ಪರೀಕ್ಷೆಯ ಮುನ್ನ ವಾಟ್ಸಾಪಿನಲ್ಲಿ ಹೂವಿನ ಚಿತ್ರದ ಜೊತೆ ಬರುತ್ತದೆ. ಅದು ಬಾಬಿಲೋನಿಗೆ ಸೆರೆಯಾಗಿ ಹೋದವರಿಗೆ ಬರೆದ ಕಾಗದದ ಸಾಲು. ಹಿಂದಿನ ಅಧ್ಯಾಯದಲ್ಲಿ ಹನನ್ಯ ಎಂಬ ಪ್ರವಾದಿ ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಜನರನ್ನು ನಂಬಿಸಿರುತ್ತಾನೆ. ಯೆರೆಮೀಯರು ಎಪ್ಪತ್ತು ವರ್ಷ ಎನ್ನುತ್ತಾರೆ. ಅಷ್ಟು ದಿನ ಏನು ಮಾಡಬೇಕು? ಮನೆ ಕಟ್ಟಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, ನೀವು ಹೋಗಿ ಸೇರಿದ ಆ ಪಟ್ಟಣದ ಹಿತ ನೋಡಿ, ಅದಕ್ಕಾಗಿ ಪ್ರಾರ್ಥಿಸಿ. ಊರಿಗೆ ಹೋದ ಮೇಲೆ ನೋಡೋಣ ಎಂದು ಇಪ್ಪತ್ತು ವರ್ಷದಿಂದ ಸೂಟ್‌ಕೇಸಿನ ಮೇಲೆ ಕೂತಂತೆ ಬದುಕುವ ವಾಸ್ಕೋ, ಧಾರಾವಿ, ಪಿಂಪ್ರಿಯ ಕನ್ನಡಿಗರಿಗೆ 11ನೆಯ ವಾಕ್ಯಕ್ಕಿಂತ 7ನೆಯ ವಾಕ್ಯ ಹೆಚ್ಚು ಬೇಕಾದ್ದು ಎಂದು ನನ್ನ ನಂಬಿಕೆ. ಸೊಸೈಟಿಯ ಸಭೆಗೆ ಹೋಗಿ ಕೂರುವುದು, ಮಳೆಗೆ ಮುಂಚೆ ಗಟಾರ ಸ್ವಚ್ಛ ಮಾಡಿಸಲು ವಾರ್ಡಿನ ಆಫೀಸಿಗೆ ಅರ್ಜಿ ಕೊಡುವುದು ಇವೆಲ್ಲ ಆ ವಾಕ್ಯದ ಕೆಲಸಗಳೇ.

ಇದಕ್ಕೆ ತದ್ವಿರುದ್ಧವಾದ ತಪ್ಪು, ಪ್ರತಿ ವಸ್ತುವಿಗೂ ಗುಟ್ಟಿನ ಅರ್ಥ ಹುಡುಕುವುದು. ಎ ವರ್ಷದ ತಪಸ್ಸುಕಾಲದ ಮೂರನೆಯ ರವಿವಾರ ಯೊವಾನ್ನ 4, ಸಮಾರಿಯದ ಹೆಂಗಸು ಬಾವಿಗೆ ಬರುವ ಭಾಗ. 28ನೆಯ ವಾಕ್ಯದಲ್ಲಿ ಅವಳು ಕೊಡ ಅಲ್ಲೇ ಬಿಟ್ಟು ಊರೊಳಕ್ಕೆ ಓಡುತ್ತಾಳೆ. ಕೊಡ ಎಂದರೆ ಪಾಪ, ಬಾವಿ ಎಂದರೆ ಲೋಕ ಎಂದು ಲೆಕ್ಕ ಹಾಕುತ್ತ ಹೋದರೆ ಹೆಂಗಸು ಮಾಯವಾಗುತ್ತಾಳೆ. ನಲ್ಲಿ ಬೆಳಗ್ಗೆ ಒಂದು ಗಂಟೆ ಮಾತ್ರ ಬರುವ ಚಾಳಿನ ಹೆಂಗಸರನ್ನು ಕೇಳಿ, ತುಂಬಿಸಲು ತಂದ ಕೊಡ ಬಿಟ್ಟು ಓಡಬೇಕಾದರೆ ಎಂಥ ಸುದ್ದಿ ಇರಬೇಕು ಎಂದು ಅವರೇ ಹೇಳುತ್ತಾರೆ. ಈ ಶುಭಸಂದೇಶ ಉದ್ದದ್ದು, 5ರಿಂದ 42ನೆಯ ವಾಕ್ಯದವರೆಗೆ. ಒಂದೇ ದಿನ ಮುಗಿಸದೆ 15ಕ್ಕೆ, 26ಕ್ಕೆ ನಿಲ್ಲಿಸಿ ಮೂರು ದಿನ ಮಾಡಿಕೊಳ್ಳಿ. ನಂತರದ ಎರಡು ರವಿವಾರ ಯೊವಾನ್ನ 9 ಮತ್ತು 11, ಅವಕ್ಕೂ ಹೀಗೆಯೇ.

ಇನ್ನೊಂದು ತಪ್ಪನ್ನು ಹೆಚ್ಚು ಬಿಡಿಸಬೇಕಿಲ್ಲ: ಓದುವಾಗ ಈ ಮಾತು ನಮ್ಮ ನಾದಿನಿ ಕೇಳಬೇಕಿತ್ತು ಎನಿಸಿದರೆ ಪುಸ್ತಕ ಮುಚ್ಚಿ, ಒಂದು ಲೋಟ ನೀರು ಕುಡಿದು, ಮತ್ತೆ ಶುರು ಮಾಡಿ.

ಒಬ್ಬರೇ ಓದುವುದಕ್ಕಿಂತ ಕಟ್ಟಡದ ಆರೇಳು ಮನೆಯವರು ಸೇರಿದರೆ ವಾರ ತಪ್ಪುವುದಿಲ್ಲ. ಮುಂಬೈ, ಗೋವಾದ ಧರ್ಮಕೇಂದ್ರಗಳ ಕಿರು ಕ್ರೈಸ್ತ ಸಮುದಾಯಗಳಲ್ಲಿ ಇದಕ್ಕೆ ದಾರಿ ಇದ್ದೇ ಇದೆ. ದಕ್ಷಿಣ ಆಫ್ರಿಕಾದ ಲುಮ್ಕೊ ಸಂಸ್ಥೆ ರೂಪಿಸಿದ ಏಳು ಹೆಜ್ಜೆಯ ಕ್ರಮ ಸರಳ, 45 ನಿಮಿಷ ಮೀರಬೇಕಿಲ್ಲ. ಪ್ರಭುವನ್ನು ಕರೆಯುವ ಒಂದು ಸಣ್ಣ ಪ್ರಾರ್ಥನೆ. ಒಬ್ಬರು ಭಾಗವನ್ನು ಓದುವುದು. ಬಳಿಕ ಪ್ರತಿಯೊಬ್ಬರೂ ತಮ್ಮನ್ನು ಹಿಡಿದು ನಿಲ್ಲಿಸಿದ ಒಂದು ಪದವನ್ನೋ ತುಂಡು ಸಾಲನ್ನೋ ಮೂರು ಸಲ ಹೇಳುವುದು, ವಿವರಣೆ ಬೇಡ. ಐದು ನಿಮಿಷ ಮೌನ. ಆಮೇಲೆ ಆ ಮಾತು ತನಗೆ ಏಕೆ ತಟ್ಟಿತು ಎಂದು ಹೇಳುವುದು. ಮುಂದಿನ ಹೆಜ್ಜೆಯಲ್ಲಿ ಎಲ್ಲರೂ ಸೇರಿ ಮಾಡಬೇಕಾದ ಕೆಲಸ ಗೊತ್ತು ಮಾಡುವುದು, ಹಿಂದಿನ ವಾರದ್ದು ಆಯಿತೇ ಎಂದು ಕೇಳುವುದು. ಕೊನೆಗೆ ಪ್ರಾರ್ಥನೆ.

ಮೌನದ ಐದು ನಿಮಿಷ ಮೊದಮೊದಲು ಯುಗದಂತೆ ಅನಿಸುತ್ತದೆ. ಎರಡನೆಯ ನಿಮಿಷಕ್ಕೇ ಯಾರಾದರೂ ಕೆಮ್ಮಿ ಹಾಡು ಎತ್ತಿಬಿಡುತ್ತಾರೆ, ಅದಕ್ಕೆ ಗಡಿಯಾರ ನೋಡುವವರನ್ನು ಒಬ್ಬರನ್ನು ನೇಮಿಸಿ. ಐದನೆಯ ಹೆಜ್ಜೆಯಲ್ಲಿ ಕೆಡುವುದು ಒಂದೇ ರೀತಿ: ಬೈಬಲ್ ಚೆನ್ನಾಗಿ ಬಲ್ಲ ಒಬ್ಬರು ಹದಿನೈದು ನಿಮಿಷದ ಪ್ರಸಂಗ ಶುರು ಮಾಡುತ್ತಾರೆ, ಮಿಕ್ಕವರು ಬಾಯಿ ಮುಚ್ಚುತ್ತಾರೆ. ನನಗೆ, ನನ್ನ ಎಂದು ಶುರುವಾಗದ ಮಾತು ಅಲ್ಲಿ ಬೇಡ ಎಂದು ಮೊದಲೇ ಹೇಳಿಬಿಡಿ. ಒಬ್ಬರ ಮಾತನ್ನು ಇನ್ನೊಬ್ಬರು ತಿದ್ದಬಾರದು, ಅಲ್ಲಿ ಅತ್ತು ಹೇಳಿದ್ದು ಮರುದಿನ ನಲ್ಲಿಯ ಹತ್ತಿರ ಸುದ್ದಿಯಾಗಬಾರದು. ಒಮ್ಮೆ ಹಾಗಾದರೆ ಮುಂದಿನ ವಾರದಿಂದ ಎಲ್ಲರೂ ಹವಾಮಾನದ ಬಗ್ಗೆ ಮಾತಾಡುತ್ತಾರೆ. ಕನ್ನಡ ಓದಲು ಬಾರದ ಮಕ್ಕಳು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಅದೇ ಭಾಗ ಓದಲಿ, ಅಜ್ಜಿಯಂದಿರು ಕನ್ನಡದಲ್ಲಿ ಓದಲಿ. ಎರಡರಲ್ಲಿ ಒಂದು ಪದ ಬೇರೆಯಾಗಿ ಕಂಡ ಕಡೆ ಮಾತು ತಾನಾಗಿ ಬೆಳೆಯುತ್ತದೆ.

ಇದೆಲ್ಲಕ್ಕೂ ಬೇಕಾದ ಸಾಮಾನು ಒಂದು ನೋಟುಪುಸ್ತಕ. 200 ಪುಟದ್ದು ತೆಗೆದುಕೊಳ್ಳಿ, ರವಿವಾರಕ್ಕೆ ಎದುರುಬದುರಿನ ಎರಡು ಪುಟ. ವರ್ಷಕ್ಕೆ 104 ಪುಟ ಬೇಕು, ಮೂರು ವರ್ಷದ ಸುತ್ತಿಗೆ ಸುಮಾರು 312, ಅಂದರೆ ಎರಡು ಪುಸ್ತಕ ಸಾಕು. ಎಡಪುಟದ ಮೇಲೆ ವರ್ಷದ ಅಕ್ಷರ, ರವಿವಾರದ ಸಂಖ್ಯೆ, ವಾಚನಗಳ ಅಧ್ಯಾಯ, ವಾಕ್ಯ. ಅದರ ಕೆಳಗೆ ತಡೆದು ನಿಲ್ಲಿಸಿದ ಮಾತು, ತಿಳಿಯದ ಪದ. ಬಲಪುಟದಲ್ಲಿ ಒಂದೇ ಕೆಲಸ, ಯಾರು, ಯಾವತ್ತು, ಎಷ್ಟು ಹೊತ್ತಿಗೆ ಎಂಬುದರ ಜೊತೆ. ಮುಂದಿನ ಶುಕ್ರವಾರ ಅದರ ಪಕ್ಕ ಆಯಿತು ಇಲ್ಲವೆ ಆಗಲಿಲ್ಲ ಎಂದು ಬರೆಯಿರಿ. ಆಗದಿದ್ದರೆ ಕಾರಣವನ್ನು ಒಂದು ಸಾಲಿನಲ್ಲಿ ಬರೆಯಿರಿ: ಕೆಲಸ ದೊಡ್ಡದಾಯಿತು, ಆ ಮನುಷ್ಯ ಊರಿಗೆ ಹೋಗಿದ್ದ, ಧೈರ್ಯ ಬರಲಿಲ್ಲ. ಧೈರ್ಯ ಬರಲಿಲ್ಲ ಎಂದು ಮೂರು ವಾರ ಸತತ ಕಂಡರೆ ಕೆಲಸವನ್ನು ಅರ್ಧಕ್ಕೆ ಇಳಿಸಿ. ಮಾತು ಬಿಟ್ಟ ತಮ್ಮನ ಮನೆಗೆ ಹೋಗುವುದು ಆಗದಿದ್ದರೆ ಅವನ ಮಗಳ ಹುಟ್ಟುಹಬ್ಬಕ್ಕೆ ಫೋನ್ ಮಾಡುವುದು ಆಗಬಹುದು.

ಬಲಪುಟದ ಕೆಳಗೆ ನಾಲ್ಕು ಗೆರೆ ಖಾಲಿ ಬಿಡಿ. ಮತ್ತಾಯ 20 ಮತ್ತೆ ಬರುವುದು 2029ರ ಸೆಪ್ಟೆಂಬರಿನಲ್ಲಿ. ಅಂದು ಆ ಪುಟ ತೆರೆದು, ಆ ಇಬ್ಬರು ಗವಂಡಿಗಳ ಹೆಸರು ಓದಿ, ಉಳಿದ ಗೆರೆಗಳಲ್ಲಿ ಬರೆಯಬಹುದು.